ಮನೆಶಾಲೆಯ ಕೊನೆಯ ವರ್ಷ

(ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ತಂದೆತಾಯಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡದಲ್ಲಿ ‘ಮನೆಪಾಠ’ ಎಂದರೆ ಶಾಲೆ ಮುಗಿಸಿಕೊಂಡು ಬಂದ ಮಗು ಸಂಜೆ ಮತ್ತೆ ಚೀಲ ಹೊತ್ತು ಟ್ಯೂಷನ್‌ಗೆ ಹೋಗುವುದು. ಶಾಲೆಗೇ ಹೋಗದೆ ಮನೆಯಲ್ಲಿ ಕಲಿಯುವುದಕ್ಕೆ ನಮ್ಮಲ್ಲಿ ಇನ್ನೂ ಒಂದು ಹೆಸರು ನೆಲೆ ನಿಂತಿಲ್ಲ. ‘ಹೋಂ ಸ್ಕೂಲಿಂಗ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಾನು ಇವತ್ತಿನ ಮಟ್ಟಿಗೆ ‘ಮನೆಶಾಲೆ’ ಎಂದು ಕರೆಯುತ್ತೇನೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಬಂದಿಲ್ಲ. ಆ ಚರ್ಚೆಯನ್ನು ನೀವು ನಿಮ್ಮ ಅತ್ತೆ ಮಾವ, ಅಕ್ಕಪಕ್ಕದವರು, ಮದುವೆ ಮನೆಯಲ್ಲಿ ಸಿಕ್ಕಿದವರು ಎಲ್ಲರೊಡನೆ ಸಾಕಷ್ಟು ಮಾಡಿದ್ದೀರಿ. ಇಲ್ಲಿ ಕುಳಿತಿರುವ ಹೆಚ್ಚಿನವರ ಮಕ್ಕಳು ಹದಿನಾರು, ಹದಿನೇಳರ ಹರೆಯದವರು. ಮುಂದಿನ ಜೂನ್ ಹೊತ್ತಿಗೆ ಅವರು ಎಲ್ಲೋ ಒಂದು ಕಡೆ ಸೇರಬೇಕು. ಹಾಗಾದರೆ ಈ ಕೊನೆಯ ವರ್ಷವನ್ನು ಹೇಗೆ ಜೋಡಿಸಿಕೊಳ್ಳುವುದು? ಇಷ್ಟೇ ಇವತ್ತಿನ ವಿಷಯ.

ಓದಿಗೆ ಒಂದು ‘ಕೊನೆಯ ವರ್ಷ’ ಇರಬೇಕು ಎಂಬ ಕಲ್ಪನೆಯೇ ನಮ್ಮಲ್ಲಿ ಬಹಳ ಹಳೆಯದಲ್ಲ. ನಮ್ಮ ಹಳ್ಳಿಗಳ ಕೂಲಿಮಠಗಳನ್ನು ನೆನೆಯಿರಿ. ಅಲ್ಲಿನ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಕಾಲು ಅರೆ ಮುಕ್ಕಾಲಿನ ಲೆಕ್ಕ ಕಲಿಸಿ, ಜೈಮಿನಿ ಭಾರತ ಓದಿಸುತ್ತಿದ್ದರು. ಹುಡುಗ ಒಂದು ಕಾಗದ ಓದಿ ಹೇಳುವಂತಾದಾಗ, ಅಂಗಡಿಯ ಲೆಕ್ಕ ಬರೆಯುವಂತಾದಾಗ ಅವನ ಓದು ಮುಗಿಯಿತು. ಯಾರೂ ಅವನ ಕೈಗೆ ಕಾಗದ ಕೊಡುತ್ತಿರಲಿಲ್ಲ. ಅದಕ್ಕೂ ಹಿಂದಿನ ಗುರುಕುಲದಲ್ಲಿ ಸಮಾವರ್ತನ ಎಂಬ ಸಂಸ್ಕಾರವಿತ್ತು. ವಿದ್ಯೆ ಮುಗಿಸಿದವನು ಮಂಗಳಸ್ನಾನ ಮಾಡಿ ಸ್ನಾತಕನಾಗುತ್ತಿದ್ದ. ಸಮಾವರ್ತನ ಎಂದರೆ ಹಿಂದಿರುಗುವುದು, ಗುರುವಿನ ಮನೆಯಿಂದ ತನ್ನ ಮನೆಗೆ. ನಿಮ್ಮ ಮಕ್ಕಳದ್ದು ಇದರ ತಿರುಗುಮುರುಗು. ಅವರ ಗುರುಕುಲವೇ ಮನೆ; ಅವರು ಅಲ್ಲಿಂದ ಹೊರಡಬೇಕು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವುಗಳ ಬಾಗಿಲಲ್ಲಿ ಪ್ರವೇಶ ಪರೀಕ್ಷೆ ಬಂದು ನಿಂತಿತು. ಅದೇ ಮುಂದೆ ಮೆಟ್ರಿಕ್ಯುಲೇಷನ್ ಆಯಿತು, ಇಂಟರ್‌ಮೀಡಿಯೆಟ್ ಆಯಿತು, ನಮ್ಮ ರಾಜ್ಯದಲ್ಲಿ ಪಿ.ಯು.ಸಿ. ಆಯಿತು. ಅಂದಿನಿಂದ ಓದಿನ ಕೊನೆಯ ವರ್ಷ ಎಂದರೆ ಪರೀಕ್ಷೆಯ ವರ್ಷ. ಶಾಲೆಯನ್ನೇ ಬೇಡವೆಂದ ಮನೆಗಳು ಕೂಡ ಕೊನೆಯ ವರ್ಷ ಬಂದಾಗ ಇದ್ದಕ್ಕಿದ್ದಂತೆ ಶಾಲೆಯಾಗಿಬಿಡುವುದನ್ನು ನಾನು ನೋಡಿದ್ದೇನೆ. ಹತ್ತು ವರ್ಷ ಕೆರೆ ಏರಿಯ ಮೇಲೆ ಹಕ್ಕಿ ನೋಡಿಕೊಂಡು ಬೆಳೆದ ಹುಡುಗಿಗೆ ಹನ್ನೊಂದನೆಯ ವರ್ಷ ಗೋಡೆಯ ಮೇಲೆ ವೇಳಾಪಟ್ಟಿ ಬರುತ್ತದೆ. ಅವಳ ತಾಯಿ ಗಡಿಯಾರ ಹಿಡಿದು ನಿಲ್ಲುತ್ತಾಳೆ. ಇದಕ್ಕೆ ಬೇರೆ ದಾರಿ ಇದೆಯೇ ಎಂದು ಯೋಚಿಸುವಾಗ ನನಗೆ ಚರಿತ್ರೆಯ ಇಬ್ಬರು ಮನೆಶಾಲೆಯ ಹುಡುಗರು ನೆನಪಾಗುತ್ತಾರೆ. ಇಬ್ಬರ ಆತ್ಮಕಥೆಗಳೂ ಇವೆ, ಹಾಗಾಗಿ ಅವರ ಕೊನೆಯ ವರ್ಷ ಹೇಗಿತ್ತೆಂದು ನಮಗೆ ಸಾಕಷ್ಟು ಗೊತ್ತು.

ಲಂಡನ್ನಿನ ಹುಡುಗ

ಮೊದಲನೆಯವನು ಜಾನ್ ಸ್ಟುವರ್ಟ್ ಮಿಲ್. 1806ರಲ್ಲಿ ಹುಟ್ಟಿದವನು. ಅವನ ತಂದೆ ಜೇಮ್ಸ್ ಮಿಲ್ ಹೆಸರು ನಮಗೆ ಬೇರೆ ಕಾರಣಕ್ಕೆ ಪರಿಚಿತ: ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಒಂದು ಭಾಷೆಯನ್ನೂ ಕಲಿಯದೆ, ಬ್ರಿಟಿಷ್ ಭಾರತದ ದಪ್ಪ ಚರಿತ್ರೆ ಬರೆದ ಮಹಾನುಭಾವ. ಆ ಪುಸ್ತಕ ಬರೆಯುತ್ತಿದ್ದ ಮೇಜಿನ ಇನ್ನೊಂದು ಬದಿಯಲ್ಲೇ ಮಗನ ಪಾಠ ನಡೆಯುತ್ತಿತ್ತು. ಮೂರು ವರ್ಷಕ್ಕೆ ಗ್ರೀಕ್ ಆರಂಭ, ಎಂಟಕ್ಕೆ ಲ್ಯಾಟಿನ್. ಗ್ರೀಕಿನಿಂದ ಇಂಗ್ಲಿಷಿಗೆ ಆಗ ನಿಘಂಟು ಇರಲಿಲ್ಲ. ಗ್ರೀಕಿನಿಂದ ಲ್ಯಾಟಿನ್ನಿಗೆ ಇದ್ದ ನಿಘಂಟು ಲ್ಯಾಟಿನ್ ಬಾರದ ಮಗುವಿಗೆ ಉಪಯೋಗವಿಲ್ಲ. ಆದ್ದರಿಂದ ತಿಳಿಯದ ಪ್ರತಿ ಪದಕ್ಕೂ ಹುಡುಗ ತಂದೆಯನ್ನೇ ಕೇಳಬೇಕು. ಸಿಡುಕು ಸ್ವಭಾವದ ಆ ಮನುಷ್ಯ ಪ್ರತಿಸಲವೂ ಬರವಣಿಗೆ ನಿಲ್ಲಿಸಿ ಅರ್ಥ ಹೇಳುತ್ತಿದ್ದನಂತೆ. ಮನೆಯಲ್ಲಿ ಪಾಠ ಹೇಳುವವರಿಗೆಲ್ಲ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ.

1819ರಲ್ಲಿ, ಹುಡುಗನಿಗೆ ಹದಿಮೂರಾಗಿದ್ದಾಗ, ತಂದೆ ಅರ್ಥಶಾಸ್ತ್ರ ಕೈಗೆತ್ತಿಕೊಂಡ. ರಿಕಾರ್ಡೊ ಬರೆದ ಗ್ರಂಥ ಬಂದು ಎರಡೇ ವರ್ಷವಾಗಿತ್ತು. ಹುಡುಗರಿಗೆ ತಕ್ಕ ಪಠ್ಯಪುಸ್ತಕವಿರಲಿಲ್ಲ. ದಿನವೂ ವಾಯುವಿಹಾರಕ್ಕೆ ಹೋಗುವಾಗ ತಂದೆ ಒಂದು ಭಾಗವನ್ನು ವಿವರಿಸುವುದು, ಮರುದಿನ ಮಗ ಅದನ್ನು ಬರೆದು ತೋರಿಸುವುದು, ಸ್ಪಷ್ಟವಾಗುವ ತನಕ ಮತ್ತೆ ಮತ್ತೆ ತಿದ್ದಿ ಬರೆಯುವುದು. ಹೀಗೆ ಇಡೀ ಶಾಸ್ತ್ರ ಮುಗಿಯಿತು. ಮಗನ ಆ ಟಿಪ್ಪಣಿಗಳನ್ನೇ ಆಧಾರವಾಗಿಟ್ಟುಕೊಂಡು ತಂದೆ 1821ರಲ್ಲಿ ಅರ್ಥಶಾಸ್ತ್ರದ ಪುಸ್ತಕ ಪ್ರಕಟಿಸಿದ. ಮನೆಶಾಲೆಯ ಕೊನೆಯ ವರ್ಷ ಹೀಗೆ ಒಂದು ನಿಜವಾದ ಕೆಲಸಕ್ಕೆ ಉಪಯೋಗವಾಯಿತಲ್ಲ ಎಂದು ಮೆಚ್ಚಬೇಕಾದ್ದೇ. ಆದರೆ ಪುಸ್ತಕ ಯಾರದ್ದಾಯಿತು ಎಂಬುದನ್ನೂ ಗಮನಿಸಿ.

1820ರ ಮೇ ತಿಂಗಳಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ, ಹುಡುಗ ಮೊದಲ ಸಲ ದೀರ್ಘಕಾಲಕ್ಕೆ ಮನೆ ಬಿಟ್ಟ. ಹೊರಡುವ ಮುಂಚೆ ಹೈಡ್ ಪಾರ್ಕಿನಲ್ಲಿ ನಡೆಯುತ್ತ ತಂದೆ ಹೇಳಿದ ಮಾತನ್ನು ಅವನು ಎಂದೂ ಮರೆಯಲಿಲ್ಲ. ಹೊರಗೆ ಹೋದಾಗ ನಿನ್ನ ಓರಗೆಯವರಿಗೆ ತಿಳಿಯದ ಎಷ್ಟೋ ವಿಷಯ ನಿನಗೆ ತಿಳಿದಿದೆ ಎಂದು ಗೊತ್ತಾಗುತ್ತದೆ, ಜನ ಹೊಗಳುತ್ತಾರೆ. ಅದು ನಿನ್ನ ದೊಡ್ಡಸ್ತಿಕೆಯಲ್ಲ, ಕಲಿಸುವ ಶಕ್ತಿಯೂ ಪುರುಸೊತ್ತೂ ಇದ್ದ ತಂದೆ ಸಿಕ್ಕಿದ ನಿನ್ನ ಅದೃಷ್ಟ, ಎಂಬ ಅರ್ಥದ ಮಾತು. ತಾನು ಬೇರೆ ಹುಡುಗರಿಗಿಂತ ಮುಂದಿದ್ದೇನೆ ಎಂಬುದೇ ಅವನಿಗೆ ಆವರೆಗೆ ತಿಳಿದಿರಲಿಲ್ಲವಂತೆ. ಹೋಲಿಸಿ ನೋಡಲು ಇನ್ನೊಂದು ಹುಡುಗನನ್ನು ಅವನು ಕಂಡಿದ್ದರಲ್ಲವೆ?

ಹೋದದ್ದು ದಕ್ಷಿಣ ಫ್ರಾನ್ಸಿಗೆ, ಸರ್ ಸ್ಯಾಮ್ಯುಯೆಲ್ ಬೆಂಥಮ್ ಎಂಬವರ ಸಂಸಾರದೊಡನೆ ಇರಲು. ಒಂದು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದ. ಫ್ರೆಂಚ್ ಕಲಿತ, ಪಿರನೀಸ್ ಬೆಟ್ಟಗಳನ್ನು ನೋಡಿದ, ಗಿಡಮೂಲಿಕೆಗಳ ಹುಚ್ಚು ಹಿಡಿಸಿಕೊಂಡ, ಮಾಂಟ್‌ಪೆಲಿಯೆಯ ವಿದ್ಯಾಲಯದಲ್ಲಿ ರಸಾಯನ ಮತ್ತು ಪ್ರಾಣಿಶಾಸ್ತ್ರದ ಉಪನ್ಯಾಸಗಳನ್ನು ಕೇಳಿದ. ಸಾಯುವ ಕಾಲಕ್ಕೆ ಬರೆದು ಮುಗಿಸಿದ ಆತ್ಮಕಥೆಯಲ್ಲಿ ಆ ವರ್ಷದ ದೊಡ್ಡ ಲಾಭ ಯಾವುದೆಂದು ಅವನು ಹೇಳಿಕೊಂಡಿದ್ದಾನೆ: ಅಲ್ಲಿನ ಜನ ಒಬ್ಬರೊಡನೊಬ್ಬರು ನಡೆದುಕೊಳ್ಳುತ್ತಿದ್ದ ಮುಕ್ತವಾದ, ಸಲಿಗೆಯ ರೀತಿ. ತನ್ನ ಮನೆಯಲ್ಲಿ ಅವನು ಅದನ್ನು ಕಂಡಿರಲಿಲ್ಲ. 1826ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವನಿಗೆ ಬದುಕೇ ಬೇಡವೆನಿಸುವಂಥ ಮಂಕು ಕವಿಯಿತು. ಎಲ್ಲವನ್ನೂ ಬಿಡಿಸಿ ನೋಡುವ ಅಭ್ಯಾಸ ಭಾವನೆಗಳನ್ನೇ ಸವೆಸಿತು ಎಂದು ಅವನೇ ಕಾರಣ ಹುಡುಕಿದ. ತಂದೆಯ ಶಿಕ್ಷಣವನ್ನು ದೂರುವವರು ಇದನ್ನು ಎತ್ತಿ ಹೇಳುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮಗ ತಂದೆಯ ಋಣವನ್ನು ಕೊನೆಯವರೆಗೂ ಒಪ್ಪಿಕೊಂಡ. ಆದರೆ 1873ರಲ್ಲಿ ಸತ್ತಾಗ ಅವನನ್ನು ಮಣ್ಣು ಮಾಡಿದ್ದು ಫ್ರಾನ್ಸಿನಲ್ಲೇ, ಆವಿನ್ಯೋನ್ ಊರಿನಲ್ಲಿ.

ಸಾಬರಮತಿಯ ದಡದ ಹುಡುಗ

ಎರಡನೆಯವರು ನಮಗೆ ಹತ್ತಿರದವರು, ರವೀಂದ್ರನಾಥ ಠಾಕೂರರು. ಕಲ್ಕತ್ತೆಯ ನಾಲ್ಕು ಶಾಲೆಗಳನ್ನು ಕಂಡು ಯಾವುದರಲ್ಲೂ ನಿಲ್ಲದೆ ಮನೆಗೆ ಬಂದವರು. ಮನೆಯಲ್ಲಿ ಓದಿಲ್ಲವೆಂದಲ್ಲ. ಅಣ್ಣ ಹೇಮೇಂದ್ರನಾಥರು ಹಾಕಿಕೊಟ್ಟ ದಿನಚರಿಯಲ್ಲಿ ಬೆಳಕು ಹರಿಯುವ ಮುಂಚೆ ಪೈಲ್ವಾನನೊಡನೆ ಕುಸ್ತಿ, ಮೈಗೆ ಮೆತ್ತಿದ ಮಣ್ಣು ಒದರುವುದರೊಳಗೆ ಮೂಳೆಗಳ ಪಾಠ, ಆಮೇಲೆ ಗಣಿತ, ಸಂಸ್ಕೃತ, ಚಿತ್ರ, ಅಂಗಸಾಧನೆ, ರಾತ್ರಿ ನಿದ್ದೆ ತೂಗುತ್ತಿರುವಾಗ ಇಂಗ್ಲಿಷ್ ಮಾಸ್ತರು. ಇಷ್ಟಾದರೂ ಹದಿನಾರರ ಹೊತ್ತಿಗೆ ಮನೆಯವರು ಈ ಹುಡುಗನ ಆಸೆ ಬಿಟ್ಟಿದ್ದರು. ಹಿರಿಯಕ್ಕ ಅದನ್ನು ಬಾಯಿಬಿಟ್ಟು ಹೇಳಿದ್ದೂ ಉಂಟು.

ಆಗ ಇನ್ನೊಬ್ಬ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಮುಟ್ಟಿದ ಮೊದಲ ಭಾರತೀಯ, ಒಂದು ಯೋಜನೆ ಹಾಕಿದರು. ತಮ್ಮ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಬೇಕು. ಅದಕ್ಕೆ ಮುಂಚೆ ಕೆಲವು ತಿಂಗಳು ತಮ್ಮ ಜೊತೆ ಅಹಮದಾಬಾದಿನಲ್ಲಿದ್ದು ತಯಾರಾಗಬೇಕು. ಇದು 1878. ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಸಾಬರಮತಿ ದಡದ ಶಾಹಿಬಾಗ್ ಎಂಬ ಮೊಗಲರ ಕಾಲದ ಅರಮನೆ ಅವರ ಬಂಗಲೆ. ಅತ್ತಿಗೆ, ಮಕ್ಕಳು ಆಗಲೇ ಇಂಗ್ಲೆಂಡಿನಲ್ಲಿದ್ದರು. ಅಣ್ಣ ಬೆಳಿಗ್ಗೆ ಕೋರ್ಟಿಗೆ ಹೋದರೆ ಹುಡುಗನೂ ಪಾರಿವಾಳಗಳೂ ಮಾತ್ರ. ಅಣ್ಣನ ಪುಸ್ತಕದ ಬೀರು ತೆರೆದಿತ್ತು. ನಿಘಂಟು ಇಟ್ಟುಕೊಂಡು ಅರ್ಥವಾದಷ್ಟು ಇಂಗ್ಲಿಷ್ ಓದಿ, ಓದಿದ್ದರ ಮೇಲೆ ಬಂಗಾಳಿಯಲ್ಲಿ ಲೇಖನ ಬರೆದು ಮನೆಯವರ ‘ಭಾರತಿ’ ಪತ್ರಿಕೆಗೆ ಕಳಿಸುವುದು. ಡಾಂಟೆ, ಪೆಟ್ರಾರ್ಕ್ ಮೊದಲಾದವರ ಬಗ್ಗೆ ಅವರು ಬರೆದದ್ದು ಹೀಗೆ. ರಾತ್ರಿ ಬೆಳದಿಂಗಳಲ್ಲಿ ನದಿಯ ಕಡೆಗಿನ ವಿಶಾಲ ತಾರಸಿಯ ಮೇಲೆ ಓಡಾಡುತ್ತ, ತಮ್ಮ ಹಾಡುಗಳಿಗೆ ಮೊದಲ ಸಲ ತಾವೇ ರಾಗ ಹಾಕಿದರು. ಮುಂದೆ ಅವರು ಬರೆದ ‘ಕ್ಷುಧಿತ ಪಾಷಾಣ’ ಎಂಬ ಕಥೆಗೆ ಪ್ರೇರಣೆ ಆ ಮನೆ.

ಅಲ್ಲಿಂದ ಅವರನ್ನು ಬೊಂಬಾಯಿಗೆ, ಡಾಕ್ಟರ್ ಆತ್ಮಾರಾಮ್ ಪಾಂಡುರಂಗರ ಮನೆಗೆ ಕಳಿಸಲಾಯಿತು. 1867ರಲ್ಲಿ ಪ್ರಾರ್ಥನಾ ಸಮಾಜ ಸ್ಥಾಪಿಸಿದ ಹಿರಿಯರು ಅವರು. ಇಂಗ್ಲೆಂಡ್ ನೋಡಿ ಬಂದಿದ್ದ ಅವರ ಮಗಳು ಅನ್ನಾ ಹುಡುಗನಿಗೆ ಇಂಗ್ಲಿಷ್ ಮಾತು, ಅಲ್ಲಿನ ರೀತಿನೀತಿ ಕಲಿಸಬೇಕೆಂದು ಏರ್ಪಾಡು. ಪುಸ್ತಕದ ವಿದ್ಯೆಯಲ್ಲಿ ತನ್ನ ಬಂಡವಾಳ ಬಹಳ ಕಡಿಮೆ ಎಂದು ನಾಚಿದ ಹುಡುಗ ತನ್ನ ಕವಿತೆಗಳನ್ನು ಅವಳಿಗೆ ತೋರಿಸಿದ. ಅವಳು ಮೆಚ್ಚಿದಳು. ತನಗೊಂದು ಹೆಸರಿಡು ಎಂದಳು, ನಳಿನಿ ಎಂದಿಟ್ಟ. ಎರಡು ತಿಂಗಳ ಈ ವಾಸ್ತವ್ಯ ಮುಗಿದು ಸೆಪ್ಟೆಂಬರಿನಲ್ಲಿ ಹಡಗು ಹತ್ತಿದರು. ಯೋಜನೆ ಏನಾಯಿತು? ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಕಾಲ ಇಂಗ್ಲಿಷ್ ಸಾಹಿತ್ಯದ ಪಾಠ ಕೇಳಿ, 1880ರಲ್ಲಿ ಪದವಿ ಇಲ್ಲದೆ, ಬ್ಯಾರಿಸ್ಟರೂ ಆಗದೆ ವಾಪಸು ಬಂದರು. ಆಮೇಲೆ ಅದೇ ಅಣ್ಣ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದು, ಸಮುದ್ರದ ದಡದಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರೇ ಇದೆ.

ಈ ಇಬ್ಬರ ವರ್ಷಗಳು ಮೇಲುನೋಟಕ್ಕೆ ಎಷ್ಟು ಬೇರೆ! ಒಂದು ಗಂಟೆ ಗಂಟೆಗೆ ಲೆಕ್ಕವಿಟ್ಟದ್ದು, ಇನ್ನೊಂದು ಹಗಲೆಲ್ಲ ಖಾಲಿ ಬಿಟ್ಟದ್ದು. ಆದರೂ ಎರಡರಲ್ಲೂ ಒಂದು ಸಂಗತಿ ಇದೆ. ಮನೆಗೂ ಲೋಕಕ್ಕೂ ನಡುವೆ ಅವರಿಗೆ ಇನ್ನೊಬ್ಬರ ಮನೆ ಸಿಕ್ಕಿತು. ತನ್ನನ್ನು ತೊಟ್ಟಿಲಿನಿಂದ ಬಲ್ಲವರಲ್ಲದವರು ತನ್ನನ್ನು ನೋಡಿದರು, ತೂಗಿದರು, ಮೆಚ್ಚಿದರು. ನನ್ನ ಮಾತಿನ ತಿರುಳು ಇಷ್ಟೇ: ಮನೆಶಾಲೆಯ ಕೊನೆಯ ವರ್ಷದ ಒಂದು ಪಾಲನ್ನಾದರೂ ಮನೆಯಿಂದ ಹೊರಗೆ ಕಳೆಯುವಂತೆ ಯೋಜಿಸಬೇಕು. ಇದು ನಮಗೆ ಹೊಸದೇನಲ್ಲ. ವಾರಾನ್ನ ಮಾಡಿ ಓದಿದವರ ಕಥೆಗಳನ್ನು ನಾವೆಲ್ಲ ಕೇಳಿ ಬೆಳೆದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದರಲ್ಲಿ ಅವಮಾನವಿತ್ತು, ಬಡತನವಿತ್ತು, ಜಾತಿಯ ಗೆರೆಗಳಿದ್ದವು. ಅದನ್ನು ಚಿನ್ನದ ಕಾಲವೆಂದು ಹಾಡಿ ಹೊಗಳುವ ಆಸೆ ನನಗಿಲ್ಲ. ಆದರೆ ಏಳು ಮನೆಗಳ ಏಳು ರೀತಿಯನ್ನು ಆ ಹುಡುಗರು ಕಂಡಿದ್ದರು. ನಿಮ್ಮ ಮಗು ಕಂಡಿರುವುದು ಒಂದೇ ಅಡುಗೆಮನೆ.

ಕಾಗದಗಳ ಮಾತು

ಇಲ್ಲಿ ಯಾರಾದರೂ ಎದ್ದು ಕೇಳಬಹುದು: ಠಾಕೂರರಿಗೆ ಪದವಿ ಇರಲಿಲ್ಲ, ಮಿಲ್ ಯಾವ ವಿಶ್ವವಿದ್ಯಾನಿಲಯದಲ್ಲೂ ಓದಲಿಲ್ಲ, ಮೆಟ್ರಿಕ್ಯುಲೇಷನ್ ದಾಟದ ನಮ್ಮ ಡಿ.ವಿ.ಜಿ.ಯವರಿಗೆ ಮೈಸೂರು ವಿಶ್ವವಿದ್ಯಾನಿಲಯವೇ 1961ರಲ್ಲಿ ಡಿ.ಲಿಟ್. ಕೊಟ್ಟಿತು, ನಮ್ಮ ಮಕ್ಕಳಿಗೆ ಯಾಕೆ ಪರೀಕ್ಷೆ? ಇಂಥ ಸಭೆಗಳಲ್ಲಿ ಈ ಹೆಸರುಗಳು ತಪ್ಪದೆ ಬರುತ್ತವೆ. ನನಗೆ ಇದು ಅಷ್ಟು ಇಷ್ಟವಾಗುವ ವಾದವಲ್ಲ. ಮಿಲ್ ಹದಿನೇಳನೆಯ ವಯಸ್ಸಿಗೆ, 1823ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ನೌಕರಿಗೆ ಸೇರಿದ್ದು ತಂದೆಯ ಕಚೇರಿಯಲ್ಲೇ, ತಂದೆಯ ಕೈಕೆಳಗೇ. ಠಾಕೂರರ ಹಿಂದೆ ಜಮೀನ್ದಾರಿ ಇತ್ತು. ಅವರಿಗೆ ಮನೆತನದ ಹೆಸರೇ ಪ್ರಮಾಣಪತ್ರ. ಪರಿಚಯಸ್ಥರಿಲ್ಲದ ಮನೆಯ ಹುಡುಗಿಗೆ ಅಂಕಪಟ್ಟಿಯೇ ಪರಿಚಯಪತ್ರ. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಕಾಗದವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2016ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಮುಂಬಯಿಯ ಹುಡುಗಿಯ ಪ್ರಸಂಗ ಸಾಕು. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಓದಿದವಳು. ಅಂತಾರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಭಾರತಕ್ಕೆ ಮೂರು ಪದಕ ತಂದಳು, ಎರಡು ಬೆಳ್ಳಿ, ಒಂದು ಕಂಚು. ಅಮೆರಿಕದ ಎಂ.ಐ.ಟಿ. ಕರೆದು ಸೇರಿಸಿಕೊಂಡಿತು. ನಮ್ಮ ಐ.ಐ.ಟಿ.ಗಳ ಬಾಗಿಲು ಮಾತ್ರ ತೆರೆಯಲಿಲ್ಲ, ಏಕೆಂದರೆ ಹನ್ನೆರಡನೆಯ ತರಗತಿಯ ಪ್ರಮಾಣಪತ್ರವಿರಲಿಲ್ಲ. ದೇಶದೊಳಗೆ ಅವಳನ್ನು ಸೇರಿಸಿಕೊಂಡದ್ದು ಚೆನ್ನೈ ಗಣಿತ ಸಂಸ್ಥೆ. ಪದಕವಿಲ್ಲದ ಮಗುವಿಗೆ ಎಂ.ಐ.ಟಿ.ಯೂ ಇಲ್ಲ, ಇದನ್ನು ನೆನಪಿಡಿ.

ಹಾಗಾದರೆ ಕಾಗದ ಪಡೆಯುವುದು ಹೇಗೆ? ನಿಮ್ಮಲ್ಲಿ ಹಲವರ ಮಕ್ಕಳು ಎನ್‌ಐಒಎಸ್ ಮೂಲಕ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯದನ್ನು ಮುಗಿಸಿದ್ದಾರೆ. 1979ರಲ್ಲಿ ಸಿ.ಬಿ.ಎಸ್.ಇ.ಯ ಒಂದು ಸಣ್ಣ ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದದ್ದು ಅದು. ಶಾಲೆ ಬಿಟ್ಟವರಿಗೆ, ದುಡಿಯುವ ಮಕ್ಕಳಿಗೆ, ಮನೆಯೊಳಗೇ ಉಳಿದ ಹೆಣ್ಣುಮಕ್ಕಳಿಗೆ ಎಂದು ಆರಂಭವಾದದ್ದರ ನೆರಳಿನಲ್ಲಿ ಈಗ ನಾವೂ ನಿಂತಿದ್ದೇವೆ. ಅಲ್ಲಿ ಹನ್ನೆರಡನೆಯ ತರಗತಿಗೆ ಐದು ವಿಷಯ ಬೇಕು, ಅದರಲ್ಲಿ ಒಂದಾದರೂ ಭಾಷೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್–ನವೆಂಬರ್ ಇನ್ನೊಮ್ಮೆ. ಮುಖ್ಯವಾದದ್ದು ಇದು: ಎಲ್ಲ ವಿಷಯಗಳನ್ನೂ ಒಟ್ಟಿಗೆ ಬರೆಯಬೇಕಿಲ್ಲ. ಪಾಸಾದ ವಿಷಯ ಖಾತೆಯಲ್ಲಿ ಉಳಿಯುತ್ತದೆ. ಹತ್ತನೆಯದು ಮುಗಿದು ಎರಡು ವರ್ಷವಾಗದೆ ಐದನ್ನೂ ಪೂರೈಸಿ ಪ್ರಮಾಣಪತ್ರ ಪಡೆಯುವಂತಿಲ್ಲ, ನಿಜ. ಆದರೆ ಕೆಲವನ್ನು ಮೊದಲೇ ಮುಗಿಸಿಕೊಳ್ಳಬಹುದು.

ಇದನ್ನು ಉಪಯೋಗಿಸಿಕೊಳ್ಳದೆ ಐದನ್ನೂ ಕೊನೆಯ ಏಪ್ರಿಲ್‌ಗೆ ಕೂಡಿಹಾಕುವ ಮನೆಗಳೇ ಹೆಚ್ಚು. ಆ ಏಪ್ರಿಲ್ ಹೇಗಿರುತ್ತದೆ ನೋಡಿ. ಎನ್‌ಐಒಎಸ್ ಪರೀಕ್ಷೆ, ನಮ್ಮ ರಾಜ್ಯದ ಸಿ.ಇ.ಟಿ., ಜೆ.ಇ.ಇ. ಮೇನ್‌ನ ಎರಡನೆಯ ಸುತ್ತು, ಹಿಂದೆಯೇ ಮೇ ತಿಂಗಳಲ್ಲಿ ವೈದ್ಯಕೀಯದ ನೀಟ್. ಭಾಷೆಯನ್ನೂ ಇನ್ನೊಂದು ವಿಷಯವನ್ನೂ ಹಿಂದಿನ ಅಕ್ಟೋಬರಿನಲ್ಲೇ ಮುಗಿಸಿದ ಮಗುವಿಗೆ ಆ ತಿಂಗಳು ಉಸಿರಾಡಲು ಜಾಗವಿರುತ್ತದೆ. ಇನ್ನೊಂದು ವಿಷಯ, ಟಿ.ಎಂ.ಎ. ಎಂದು ಕರೆಯುವ ಮನೆಯಲ್ಲಿ ಬರೆದು ಒಪ್ಪಿಸುವ ಉತ್ತರಗಳಿಗೆ ಶೇ. 20ರಷ್ಟು ತೂಕವಿದೆ. ಅದಕ್ಕೆ ಕೊನೆಯ ದಿನಾಂಕ ಬೇರೆ. ವಿಜ್ಞಾನದ ವಿಷಯಗಳಿಗೆ ಪ್ರಯೋಗ ಪರೀಕ್ಷೆ ಇದೆ, ಅದಕ್ಕೆ ನಿಮ್ಮ ಅಧ್ಯಯನ ಕೇಂದ್ರದ ಪ್ರಯೋಗಶಾಲೆಗೆ ಹೋಗಿ ಕೈ ಪಳಗಿಸಬೇಕು. ಅಡುಗೆಮನೆಯಲ್ಲಿ ವಿನೆಗರ್ ಸುರಿದು ಕಲಿತ ರಸಾಯನಶಾಸ್ತ್ರ ಅಲ್ಲಿ ಸಾಲದು.

ನಮ್ಮ ರಾಜ್ಯದವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. ಸಿ.ಇ.ಟಿ. ಮೂಲಕ ಸರ್ಕಾರಿ ಸೀಟಿಗೆ ಅರ್ಹತೆ ತೋರಿಸುವಾಗ ಹೆಚ್ಚಿನವರು ಬಳಸುವ ಕಲಮು, ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು ಎಂಬುದು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದು, ಕನ್ನಡದಲ್ಲೇ ಕನಸು ಕಾಣುವ ಮಗು ಶಾಲೆಯ ದಾಖಲೆಯಲ್ಲಿ ಏಳು ವರ್ಷ ಇಲ್ಲದಿದ್ದರೆ ಆ ಕಲಮಿನಲ್ಲಿ ಹೊರಗಿನವನಾಗುತ್ತಾನೆ. ತಂದೆತಾಯಿಯ ವ್ಯಾಸಂಗ, ನೌಕರಿ ಮುಂತಾದವನ್ನು ಆಧರಿಸಿದ ಬೇರೆ ಕಲಮುಗಳೂ ಇವೆ. ನಿಮ್ಮ ಮಗುವಿಗೆ ಯಾವುದು ಹೊಂದುತ್ತದೆಂದು ಪರೀಕ್ಷಾ ಪ್ರಾಧಿಕಾರದಲ್ಲಿ ಈಗಲೇ, ಒಂದು ವರ್ಷ ಮುಂಚೆಯೇ ವಿಚಾರಿಸಿ. ನಿಯಮಗಳು ನಿಂತ ನೀರಲ್ಲ. ಮುಕ್ತ ಶಾಲೆಯಿಂದ ಬಂದವರು ವೈದ್ಯಕೀಯಕ್ಕೆ ಅರ್ಹರಲ್ಲ ಎಂಬ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ತೆಗೆದುಹಾಕಿತು. ಹಳೆಯ ಮಾತು ನಂಬಿ ಆಸೆ ಬಿಟ್ಟ ಮಕ್ಕಳೂ ಇದ್ದಾರೆ, ಹಳೆಯ ಮಾತು ನಂಬಿ ಕೆಟ್ಟವರೂ ಇದ್ದಾರೆ.

ಇನ್ನು ಹೆಸರು. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತೊಂದು. ನಮ್ಮ ಇನಿಷಿಯಲ್ ಪದ್ಧತಿಯಿಂದಾಗಿ ಒಂದು ಕಡೆ ಊರಿನ ಹೆಸರು ಮುಂದೆ, ಒಂದು ಕಡೆ ಅಪ್ಪನ ಹೆಸರು ಹಿಂದೆ. ಶಾಲೆಯ ಮಕ್ಕಳಿಗೆ ಇದನ್ನು ತಿದ್ದಿಸಲು ಗುಮಾಸ್ತರೊಬ್ಬರಿರುತ್ತಾರೆ, ನಿಮಗೆ ನೀವೇ ಗುಮಾಸ್ತರು. ಮೀಸಲಾತಿ ಇರುವವರು ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳನ್ನೂ ನೋಡಿಕೊಳ್ಳಬೇಕು. ಈ ಕಾಗದದ ಕೆಲಸವೆಲ್ಲ ವರ್ಷದ ಮೊದಲ ಮೂರು ತಿಂಗಳಲ್ಲಿ ಮುಗಿಯಲಿ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಕಾಗದದ ಮೇಲಿನ ಪ್ರೀತಿಯಲ್ಲ. ಅದು ಬೇಗ ಮುಗಿದರೆ ಉಳಿದ ಒಂಬತ್ತು ತಿಂಗಳು ಮಗುವಿನದಾಗುತ್ತದೆ.

ಆ ಒಂಬತ್ತು ತಿಂಗಳು

ಮೊದಲು ಒಂದು ದೊಡ್ಡ ಕೆಲಸ. ಮಗು ತಾನೇ ಆರಿಸಿದ್ದು, ತಿಂಗಳುಗಟ್ಟಲೆ ಹಿಡಿಯುವಂಥದ್ದು, ಮುಗಿದಾಗ ಕೈಯಲ್ಲಿ ಹಿಡಿದು ತೋರಿಸಬಹುದಾದದ್ದು. ಊರಿನ ಕೆರೆ, ಕಾಲುವೆ, ತೂಬುಗಳ ನಕ್ಷೆ ಇರಬಹುದು, ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಸೋಬಾನೆ ಹಾಡುಗಳಿರಬಹುದು, ಜೇನುಪೆಟ್ಟಿಗೆ, ಒಂದು ಕಂಪ್ಯೂಟರ್ ಪ್ರೋಗ್ರಾಂ, ಏನಾದರೂ ಸರಿ. ಎರಡು ಷರತ್ತು. ಮಿಲ್‌ನ ಟಿಪ್ಪಣಿಗಳಂತೆ ಅದು ಅಪ್ಪನ ಪುಸ್ತಕವಾಗಬಾರದು. ಮತ್ತು ಅದನ್ನು ನೋಡಿ ಸರಿ ತಪ್ಪು ಹೇಳುವವರು ಮನೆಯವರಾಗಿರಬಾರದು. ಬಡಗಿಯ ಕೆಲಸವನ್ನು ಬಡಗಿ ನೋಡಲಿ, ಲೇಖನವನ್ನು ಸಂಪಾದಕರು ನೋಡಲಿ, ತಿರಸ್ಕರಿಸಿದರೆ ತಿರಸ್ಕರಿಸಲಿ. ಹದಿನೇಳು ವರ್ಷ ಅಮ್ಮನ ‘ಚೆನ್ನಾಗಿದೆ ಕಂದ’ ಕೇಳಿದ ಕಿವಿಗೆ ಬೇರೊಬ್ಬರ ‘ಇದು ಸಾಲದು’ ಕೇಳಿಸುವುದು ಕಾಲೇಜಿನ ಮೊದಲ ವಾರದಲ್ಲೇ ಆಗಬೇಕೆಂದಿಲ್ಲ. ಹಾಗೆ ನೋಡಿದರೆ ಪರೀಕ್ಷೆಯೂ ಒಂದು ಪರರ ಮನೆಯೇ. ಮುಖ ಕಾಣದ ಒಬ್ಬರು ನಮ್ಮ ಅಕ್ಷರ ಮಾತ್ರ ನೋಡಿ ಅಂಕ ಹಾಕುವ ಮನೆ.

ಆಮೇಲೆ ನಿಜವಾದ ಇನ್ನೊಂದು ಮನೆ. ಆರು ವಾರವೋ ಎರಡು ತಿಂಗಳೋ. ದೂರದ ಊರಿನ ಸ್ನೇಹಿತರು, ಅಜ್ಜಿಯ ತಂಗಿ, ತೋಟ ಮಾಡಿಕೊಂಡಿರುವ ಪರಿಚಯದವರು, ಸಂಗೀತದ ಗುರುಗಳು, ನಂಬಿಕಸ್ಥರಾದ ಯಾರೇ ಆಗಲಿ. ಅಲ್ಲಿ ಮಗು ಅತಿಥಿಯಾಗಿರಬಾರದು. ಬೆಳಿಗ್ಗೆ ಹಾಲು ತರುವುದೋ, ಅಂಗಡಿಯಲ್ಲಿ ಕೂರುವುದೋ, ಚಿಕ್ಕವರಿಗೆ ಲೆಕ್ಕ ಹೇಳಿಕೊಡುವುದೋ, ಒಂದು ಹೊಣೆ ಇರಬೇಕು. ಹೆಣ್ಣುಮಕ್ಕಳನ್ನು ಕಳಿಸಲು ಅಂಜಿಕೆ ಇರುತ್ತದೆ, ಅದು ಅಕಾರಣವೂ ಅಲ್ಲ. ಮನೆಯನ್ನು ನೀವು ನೋಡಿ ಬನ್ನಿ, ಆ ಮನೆಯ ಹೆಂಗಸರೊಡನೆ ಮಾತಾಡಿ ಬನ್ನಿ. ಆದರೆ ಮುಂದಿನ ಜೂನ್‌ನಲ್ಲಿ ಹಾಸ್ಟೆಲಿಗೆ ಕಳಿಸಲು ಒಪ್ಪುವವರು ಈ ಅಕ್ಟೋಬರಿನಲ್ಲಿ ಚಿಕ್ಕಮ್ಮನ ಮನೆಗೆ ಕಳಿಸಲು ಹೆದರುವುದು ನನಗೆ ಅರ್ಥವಾಗುವುದಿಲ್ಲ.

ಮಾಡಿದ್ದನ್ನೆಲ್ಲ ತಿಂಗಳು ತಿಂಗಳು ಬರೆದಿಡಿ. ಓದಿದ ಪುಸ್ತಕ, ಮಾಡಿದ ಪ್ರಯೋಗ, ಕಲಿಸಿದವರು ಯಾರು, ಎಷ್ಟು ದಿನ. ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವವರಿಗೆ ಇದು ತಪ್ಪಿದ್ದಲ್ಲ. ಅಮೆರಿಕದ ಕಾಲೇಜುಗಳು ಮನೆಶಾಲೆಯ ಮಗುವಿನ ತಾಯಿಯಿಂದ ಮ ುಖ್ಯೋಪಾಧ್ಯಾಯರಿಂದ ಕೇಳುವ ವರದಿಯನ್ನೇ ಕೇಳುತ್ತವೆ. ವರ್ಷದ ಕೊನೆಗೆ ನೆನಪಿನಿಂದ ಬರೆಯಲು ಕೂತರೆ ಅರ್ಧ ಮರೆತಿರುತ್ತದೆ, ಇನ್ನರ್ಧ ಉತ್ಪ್ರೇಕ್ಷೆಯಾಗಿರುತ್ತದೆ.

ಈ ಯೋಜನೆಯನ್ನೆಲ್ಲ ಬರೆಯುವ ಕೈ ಯಾರದ್ದು? ಠಾಕೂರರ ಬಾಲ್ಯದ ಇನ್ನೊಂದು ಸಂಗತಿ ಹೇಳಬೇಕು. 1873ರಲ್ಲಿ, ಹನ್ನೊಂದು ಹನ್ನೆರಡರ ಹುಡುಗನನ್ನು ತಂದೆ ದೇವೇಂದ್ರನಾಥರು ಹಿಮಾಲಯಕ್ಕೆ ಕರೆದುಕೊಂಡು ಹೋದರು. ದಾರಿಯಲ್ಲಿ ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರವನ್ನು ಅವನಿಗೊಪ್ಪಿಸಿ, ದಿನವೂ ಕೀಲಿ ಕೊಡುವ ಕೆಲಸ ನಿನ್ನದು ಎಂದರು. ಹುಡುಗ ಎಷ್ಟು ಶ್ರದ್ಧೆಯಿಂದ ಕೀಲಿ ಕೊಟ್ಟನೆಂದರೆ ಗಡಿಯಾರ ರಿಪೇರಿಗೆ ಕಲ್ಕತ್ತೆಗೆ ಹೋಯಿತು. ಚಿಲ್ಲರೆ ಹಣವನ್ನೂ ಕೊಟ್ಟು ಲೆಕ್ಕ ಬರೆಯಲು ಹೇಳಿದ್ದರು. ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ಒಂದು ದಿನ ಕೊಟ್ಟದ್ದಕ್ಕಿಂತ ಹೆಚ್ಚು ಉಳಿದಿತ್ತು. ನಿನ್ನನ್ನೇ ಖಜಾಂಚಿಯಾಗಿ ಇಟ್ಟುಕೊಳ್ಳಬೇಕು, ನಿನ್ನ ಕೈಯಲ್ಲಿ ದುಡ್ಡು ಬೆಳೆಯುತ್ತದೆ ಎಂದು ತಂದೆ ನಕ್ಕರಂತೆ. ಗಡಿಯಾರ ಕೆಟ್ಟರೂ ಬೈಯಲಿಲ್ಲ, ಲೆಕ್ಕ ತಪ್ಪಿದರೂ ಪುಸ್ತಕ ಕಿತ್ತುಕೊಳ್ಳಲಿಲ್ಲ. ನಿಮ್ಮ ಮನೆಯ ಹದಿನೇಳರ ಹುಡುಗ ತನ್ನ ಪರೀಕ್ಷಾ ಶುಲ್ಕ ತಾನೇ ಕಟ್ಟಲಿ, ಅಧ್ಯಯನ ಕೇಂದ್ರಕ್ಕೆ ಬಸ್ಸಿನಲ್ಲಿ ತಾನೇ ಹೋಗಿ ಬರಲಿ, ದಿನಾಂಕಗಳ ಪಟ್ಟಿ ಅವನ ಮೇಜಿನ ಮೇಲಿರಲಿ. ನೀವು ಒಂದು ನಕಲು ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಗಡಿಯಾರ ರಿಪೇರಿಯಾಗುತ್ತದೆ, ಕಳೆದ ಪರೀಕ್ಷೆಯ ದಿನಾಂಕ ಮಾತ್ರ ಹಿಂದಿರುಗುವುದಿಲ್ಲ.

ಇನ್ನೊಂದೇ ವಿಷಯ, ಯಾರೂ ಕೇಳದಿದ್ದರೂ ಹೇಳುತ್ತೇನೆ. ನಮ್ಮಲ್ಲಿ ಮನೆಶಾಲೆ ನಡೆಸಿದವರು ಹೆಚ್ಚಾಗಿ ತಾಯಂದಿರು. ಇಲ್ಲೇ ಕುಳಿತಿರುವ ಕೆಲವರು ಅದಕ್ಕಾಗಿ ಬ್ಯಾಂಕಿನ ನೌಕರಿ, ಕಾಲೇಜಿನ ಅಧ್ಯಾಪಕಿ ಕೆಲಸ ಬಿಟ್ಟವರು. ಮುಂದಿನ ವರ್ಷ ಮಗು ಹೊರಟ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರೇನು ಮಾಡುತ್ತಾರೆ? ಅವರಿಗೆ ನಿವೃತ್ತಿ ವೇತನವಿಲ್ಲ, ಸನ್ಮಾನವಿಲ್ಲ, ಅನುಭವ ಪತ್ರವೂ ಇಲ್ಲ. ಕೊನೆಯ ವರ್ಷದ ಯೋಜನೆಯಲ್ಲಿ ಮಗುವಿನ ಪುಟದ ಎದುರಿಗೆ ತಾಯಿಗೂ ಒಂದು ಪುಟವಿರಲಿ ಎಂದು ಗಂಡಂದಿರನ್ನು ಕೇಳಿಕೊಳ್ಳುತ್ತೇನೆ. ಮಗು ಎರಡು ತಿಂಗಳು ಇನ್ನೊಬ್ಬರ ಮನೆಯಲ್ಲಿದ್ದಾಗ ಅವರು ಯಾವುದಾದರೂ ಕೋರ್ಸಿಗೆ ಸೇರಬಹುದು, ಹಳೆಯ ಸಹೋದ್ಯೋಗಿಗಳನ್ನು ಕಂಡು ಬರಬಹುದು. ಆ ಎರಡು ತಿಂಗಳು ಅವರಿಗೂ ಅಭ್ಯಾಸದ ಕಾಲ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಹತ್ತನೆಯ ತರಗತಿಯ ಅಂಕಪಟ್ಟಿ, ಜನನ ಪತ್ರ, ಆಧಾರ್ ತಂದವರು ಈ ಕಡೆಯ ಮೇಜಿಗೆ ಬನ್ನಿ, ಹೆಸರಿನ ಕಾಗುಣಿತ ಒಟ್ಟಿಗೆ ನೋಡೋಣ. ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೇ, ಆ ಕಡತಗಳನ್ನು ಅಪ್ಪ ಅಮ್ಮನ ಕೈಯಿಂದ ಇಸಿದುಕೊಂಡು ನೀವೇ ತನ್ನಿ.